ತೋರಣವೆಂದು ನುಸುಳಿದ ದೋಣಿಗಾರ

“ನಾನು ತೋರಣ ಅಂತಲೇ ತಿಳ್ಕೊಂಡದ್ದು ಅಮ್ಮ. ಎರಡು ಬಿದಿರು ನೆಟ್ಟು, ನಡುವೆ ಬಳ್ಳಿ ಎಳೆದು, ಅದಕ್ಕೆ ಹಸಿ ಎಲೆ ಸಿಕ್ಕಿಸಿದ್ರು. ನಮ್ಮ ಗಂಗೊಳ್ಳಿಯಲ್ಲಿ ಅಂಥದ್ದು ಕಂಡ್ರೆ ಎಂತ ಅರ್ಥ ಹೇಳಿ? ಮದುವೆಯೋ ಪೂಜೆಯೋ ಉಂಟು, ಒಳಗೆ ಬನ್ನಿ ಅಂತ. ಇಪ್ಪತ್ತು ವರ್ಷ ಈ ಕೆರೆಯಂಚಿನ ಆ ಊರಿಗೆ ದೋಣಿ ಬಿಟ್ಟವ ನಾನು, ಒಂದು ದಿನವೂ ಅಲ್ಲಿ ಅದನ್ನ ಕಂಡಿರಲಿಲ್ಲ. ಲಾಕ್‌ಡೌನ್ ಆಗಿ ಎರಡು ದಿನ ಆಗಿತ್ತು. ಇನ್ನು ಅವರಿಗೆ ಅಕ್ಕಿ ಯಾರು ಕೊಡ್ತಾರೆ ಅಂತ ಎರಡು ಚೀಲ ಹಾಕ್ಕೊಂಡು ಹೋದೆ. ಹಬ್ಬ ಇರಬೇಕು ಅಂದ್ಕೊಂಡು ತಲೆ ಬಗ್ಗಿಸಿ ಅದರಡಿ ನುಸುಳಿದೆ. ಅಲ್ಲಿಯ ಒಬ್ಬ ಅಜ್ಜನ ಪಕ್ಕ ಕೂತು ಚಾ ಕುಡಿದೆ ಮಾರಾಯ್ರೆ. ಯಾರೂ ಬಯ್ಯಲಿಲ್ಲ, ಅವರು ಬಯ್ಯುವ ಜನ ಅಲ್ಲ. ವಾಪಸ್ ದೋಣಿ ಹತ್ತಿ ತಿರುಗಿ ನೋಡ್ತೇನೆ, ಹೆಂಗಸರೆಲ್ಲ ಬೆನ್ನಿಗೆ ಬುಟ್ಟಿ ಹಾಕಿ, ಮಕ್ಕಳ ಕೈ ಹಿಡ್ದು ಕಾಡು ಹತ್ತುತ್ತಾ ಇದ್ದಾರೆ. ಅದು ತೋರಣ ಅಲ್ಲ, ಊರು ಮುಚ್ಚಿದೆ ಅನ್ನುವ ಬೇಲಿ. ನಾಲ್ಕನೇ ದಿನ ನನಗೆ ಜ್ವರ ಬಂತು. ಮೂಗಿಗೆ ಕಡ್ಡಿ ಹಾಕಿ ನೋಡಿ, ಅದೇ ರೋಗ ಅಂದ್ರು.”

ರತ್ನಾಕರ ಇದನ್ನು ಹೇಳಿದ್ದು ತೆಮೆಂಗೋರ್ ಕೆರೆಯ ಮೇಲೆ, ಎಂಜಿನ್ ನಿಲ್ಲಿಸಿದ ದೋಣಿಯಲ್ಲಿ. ೨೦೨೧ರ ನವೆಂಬರ್ ತಿಂಗಳು. ಊರಿಂದೂರಿಗೆ ಹೋಗಬಹುದೆಂದು ಸರ್ಕಾರ ಬಿಟ್ಟ ಮೇಲೆ ಮಗಳು ಉಷಾ ನನ್ನನ್ನು ಕೌಲಾಲಂಪುರದಿಂದ ಈ ಬೆಟ್ಟದ ಸೀಮೆಗೆ ಕರೆತಂದಿದ್ದಳು. ಅಂದು ಬೆಳಿಗ್ಗೆ ದೋಣಿಕಟ್ಟೆಯ ಬಳಿ ತೇಲುವ ಅಂಗಿಯ ಪಟ್ಟಿ ಬಿಗಿಯುತ್ತಾ ನಾನು ಕನ್ನಡದಲ್ಲಿ ಗೊಣಗಿದ್ದು ಕೇಳಿ ದೋಣಿಯವನು ತಲೆಯೆತ್ತಿದ.

“ಎಲ್ಲಿಯವರು ಅಮ್ಮ ನೀವು?”

“ಮೈಸೂರು ಕಡೆಯವರಪ್ಪ. ನೀನು ಕನ್ನಡದವನಾ?”

“ಈಗ ಎಂತದವನೂ ಅಲ್ಲ. ಮಾತು ಮಾತ್ರ ಉಳ್ದಿದೆ ಲಾ.”

ಮಾತಿನ ಕೊನೆಯ ಆ ‘ಲಾ’ ಈ ಸೀಮೆಯವರದು. ಇಪೋ ಪಟ್ಟಣದ ಹೋಟೆಲಿಗೆ ಅಡಿಗೆಗೆಂದು ಬಂದವನಂತೆ. ಒಲೆಯ ಮುಂದೆ ಮೂರು ವರ್ಷ ನಿಂತು ಸಾಕಾಗಿ, ನೀರು ಹುಡುಕಿಕೊಂಡು ಇಲ್ಲಿಗೆ ಬಂದ. ಗೆರಿಕ್ ಪೇಟೆಯ ತಮಿಳು ಹುಡುಗಿಯನ್ನು ಮದುವೆಯಾದ. ಕೆರೆಯ ಅಂಚಿನಲ್ಲಿ ಕಾಡಿನ ಮೂಲ ಜನರಾದ ತೆಮಿಯಾರ್‌ಗಳ ಹಳ್ಳಿಗಳಿವೆ, ರಸ್ತೆಯಿಲ್ಲ. ಬಂದವರನ್ನು ಅಲ್ಲಿಗೆ ಕರೆದೊಯ್ಯುವುದೇ ಅವನ ಕೆಲಸ. ಆ ಒಂದು ಊರಿಗೆ ಮಾತ್ರ ಇಪ್ಪತ್ತು ತಿಂಗಳಿಂದ ಅವನು ಹೋಗಿರಲಿಲ್ಲ. ಅಲ್ಲಿ ಫೋನು ಹಿಡಿಯುವುದಿಲ್ಲ. ತನ್ನ ಪಕ್ಕ ಕೂತು ಚಹಾ ಕುಡಿದ ಅಜ್ಜ ಇದ್ದಾನೋ ಇಲ್ಲವೋ, ಅವನಿಗೆ ತಿಳಿಯದು.

“ಯಾರನ್ನಾದರೂ ಕೇಳಬಹುದಿತ್ತಲ್ಲ?” ಎಂದೆ.

“ಕೇಳಿ, ಇಲ್ಲ ಅಂದ್ಬಿಟ್ರೆ?”

ಅಂದು ನಮ್ಮನ್ನು ಕರೆತಂದದ್ದು ಆ ಊರಿಗೇ; ದಡ ಕೂಗಳತೆಯಲ್ಲಿತ್ತು. ಬಿದಿರು ಎರಡೂ ನಿಂತಿದ್ದವು, ನಡುವೆ ಎಲೆಯಿರಲಿಲ್ಲ. ಆದರೂ ಅವನು ಮುಂದೆ ಹೋಗಲಿಲ್ಲ. ಕೂಗುವಂತಿಲ್ಲ, ಅವರಾಗಿ ಬಂದು ಕರೆದರೆ ಹೋಗುವುದು, ಇಲ್ಲದಿದ್ದರೆ ತಿರುಗಿಸುವುದು ಎಂದ. ಕಾದೆವು. ನೀರಿನಿಂದ ಒಣಮರದ ತುದಿಗಳು ಎದ್ದಿದ್ದವು. ಅವು ಏನೆಂದು ಕೇಳಿದೆ. ಅಣೆಕಟ್ಟು ಕಟ್ಟುವ ಮುಂಚಿನ ಕಾಡಂತೆ. ಅಜ್ಜನ ಹೆಂಡತಿ ಅಲಾಂಗ್ ಹುಟ್ಟಿದ ಮನೆ ನಮ್ಮ ದೋಣಿಯ ಕೆಳಗೆ ಎಲ್ಲೋ ಇದೆಯಂತೆ. ಬಗ್ಗಿ ನೋಡಿದೆ. ಹಸಿರು ಬಿಟ್ಟು ಏನೂ ಕಾಣಲಿಲ್ಲ.

“ಅಮ್ಮ, ಬೀಳ್ತೀಯ,” ಎಂದು ಉಷಾ ಸೆರಗು ಹಿಡಿದಳು.

ಗಂಟೆಯ ಮೇಲಾಯಿತು. ಒಬ್ಬ ಮುದುಕಿ ಇಳಿದು ಬಂದು ದಡದ ಮರದ ದಿಮ್ಮಿಯ ಮೇಲೆ ಕೂತಳು. ಅವಳೇ ಅಲಾಂಗ್. ರತ್ನಾಕರ ಮೆಲ್ಲಗೆ ಹುಟ್ಟು ಹಾಕಿದ. ಇಬ್ಬರೂ ಮಲಯದಲ್ಲಿ ನಾಲ್ಕು ಮಾತಾಡಿದರು, ಉಷಾ ನನ್ನ ಕಿವಿಯಲ್ಲಿ ಹೇಳುತ್ತಾ ಹೋದಳು: “ಹೆಂಗಸರು ಮೇಲೆ ಬರ್ಲಿ, ನೀನು ದೋಣೀಲೇ ಇರು ಅಂತಿದ್ದಾಳೆ.”

ಅವನು ತಲೆಯಾಡಿಸಿದ. ನಾನು ಇಳಿಯುವಾಗ ಕೈ ಹಿಡಿದು, “ಅಮ್ಮ, ಬಾಯಿಬಿಟ್ಟು ಕೇಳ್ಬೇಡಿ. ತೀರಿಹೋದವರ ಹೆಸರು ಎತ್ತುವುದು ಇವರಲ್ಲಿ ಸರಿಯಲ್ಲ. ಸುಮ್ನೆ ನೋಡಿ ಬನ್ನಿ. ಅಜ್ಜ ಒಲೆಯ ಬಲಕ್ಕೆ ಕೂತಿರ್ತಾನೆ. ಕಿವಿಯ ಮೇಲೆ ಹೂ ಇಟ್ಕೊಳ್ತಾನೆ,” ಎಂದ.

ಮನೆ ಕಂಬಗಳ ಮೇಲಿತ್ತು. ಸೀಳಿದ ಬಿದಿರಿನ ನೆಲ, ಕಾಲಿಟ್ಟರೆ ಬಗ್ಗುತ್ತದೆ. ಸಂದಿಯಲ್ಲಿ ಕೆಳಗೆ ಓಡಾಡುವ ಕೋಳಿಗಳು ಕಾಣುತ್ತವೆ. ಮರದ ಚೌಕಟ್ಟಿಗೆ ಮಣ್ಣು ತುಂಬಿ ಅದರ ಮೇಲೆ ಒಲೆ, ಕೆಂಡದಲ್ಲಿ ಮರಗೆಣಸು. ಬಿದಿರು ಸುಡದಂತೆ ಎಷ್ಟು ದಪ್ಪ ಮಣ್ಣು ಹಾಕಿದ್ದಾರೆಂದು ಬೆರಳಿಟ್ಟು ನೋಡಬೇಕೆನಿಸಿತು. ನೋಡಿಯೇಬಿಟ್ಟೆ, ಒಂದು ಗೇಣು. ಅಲಾಂಗ್ ನಕ್ಕಳು.

ಒಲೆಯ ಬಲಕ್ಕೆ ಸುತ್ತಿಟ್ಟ ಚಾಪೆ ಮಾತ್ರ ಇತ್ತು.

ಕೇಳಬಾರದೆಂದಿದ್ದ, ಕೇಳಲಿಲ್ಲ. ಕೊಟ್ಟ ಗೆಣಸು ತಿಂದೆ. ಹೊಗೆಗೆ ಕಣ್ಣು ಉರಿದು ಮುಖ ತಿರುಗಿಸಿದರೆ ಹಿಂಬಾಗಿಲ ಮೆಟ್ಟಿಲ ಮೇಲೆ ಒಂದು ಬೆನ್ನು ಕಂಡಿತು. ಎದ್ದು ಹೋದೆ. ಮುದುಕನೊಬ್ಬ ಬಿದಿರಿನ ಕಡ್ಡಿ ಹೆರೆಯುತ್ತಿದ್ದ. ಕಿವಿಯ ಮೇಲೆ ಕೆಂಪು ಹೂ.

ಅವನು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಏನೋ ಕೇಳಿದ. ಉಷಾಗೆ ನಗು ಬಂತು. “ಬಂದಿರೋದು ಅವನೇ ತಾನೆ ಅಂತ ಕೇಳ್ತಿದ್ದಾನೆ. ಆ ಕೆಮ್ಮೋ ಎಂಜಿನ್ ಕೆರೇಲಿ ಬೇರೆ ಯಾರ ಹತ್ರಾನೂ ಇಲ್ವಂತೆ.”

ಹೊರಡುವಾಗ ಅಲಾಂಗ್ ಎರಡು ಗೆಣಸು ಕೊಟ್ಟು, ಬೆಟ್ಟದ ಭತ್ತ ಕೊಯ್ದ ಮೇಲೆ ಅವನೂ ಮೇಲೆ ಬರಲಿ ಎಂದಳು.

ದೋಣಿಯಲ್ಲಿ ರತ್ನಾಕರ ನನ್ನ ಮುಖವನ್ನೇ ನೋಡಿದ.

“ಒಲೆಯ ಹತ್ತಿರ ಇಲ್ಲಪ್ಪ. ಹೊಗೆ ಆಗದೋ ಏನೋ, ಹಿಂಬಾಗಿಲಿಗೆ ಹೋಗಿ ಕೂತಿದ್ದಾನೆ. ಕಡ್ಡಿ ಹೆರೀತಿದ್ದಾನೆ.”

“ಹೂ?”

“ಕೆಂಪಗಿತ್ತು. ನಿನ್ನ ಎಂಜಿನ್ ಕೆಮ್ಮುತ್ತೆ ಅಂತ ಆಡಿಕೊಂಡ. ಭತ್ತ ಕೊಯ್ದ ಮೇಲೆ ನೀನೂ ಬರಬೇಕಂತೆ.”

ಅಲಾಂಗ್ ಕೊಟ್ಟ ಗೆಣಸನ್ನು ಅವನ ಕೈಗಿಟ್ಟೆ. ಒಂದನ್ನು ಸಿಪ್ಪೆಯನ್ನೂ ಬಿಡದೆ ತಿಂದ. ಆಮೇಲೆ ಅರ್ಧಕ್ಕೆ ಕತ್ತರಿಸಿದ ಎಣ್ಣೆ ಡಬ್ಬ ತೆಗೆದು, ದೋಣಿಯ ತಳದಲ್ಲಿ ನಿಂತ ನೀರನ್ನು ಮೊಗೆದು ಮೊಗೆದು ಕೆರೆಗೆ ಚೆಲ್ಲತೊಡಗಿದ.