ಕಾಮೋಠೆಯಲ್ಲಿ ಕಡಲಪಾಚಿಯ ಪಂಚಾಯಿತಿ

ಭಾನುವಾರ ಬೆಳಿಗ್ಗೆ ನಾನೂ ನಮ್ಮ ಯಜಮಾನರೂ ಠಾಕುರ್ಲಿಯಿಂದ ಹೊರಟೆವು. ಹೋಗಬೇಕಾದದ್ದು ಕಾಮೋಠೆಗೆ, ಅವರ ಅಕ್ಕ ಲಲಿತಕ್ಕನ ಮನೆಗೆ. ಊಟ ಬರೀ ನೆಪ. ಇವರು ಥೈರಾಯ್ಡ್ ಮಾತ್ರೆ ನಿಲ್ಲಿಸಿ ತಿಂಗಳಾಗಿತ್ತು. ಮೊಬೈಲಿನಲ್ಲಿ ಯಾರೋ ಹೇಳಿದರೆಂದು ಮಾತ್ರೆಯ ಬದಲು ದಿನಾ ಎರಡು ಹೊತ್ತು ಕಡಲಪಾಚಿಯ ಪುಡಿ. ಹೊಟ್ಟೆ ಉಬ್ಬರಿಸಿ, ಮುಖ ಊದಿಕೊಂಡಿದ್ದರೂ "ಜಪಾನಿನವರು ನೂರು ವರ್ಷ ಬದುಕ್ತಾರೆ" ಎಂಬ ಒಂದೇ ಹಾಡು. ಡಾಕ್ಟರ ಮಾತು ನಾಟಲಿಲ್ಲ, ನನ್ನದಂತೂ ಲೆಕ್ಕಕ್ಕೇ ಇಲ್ಲ. ಅಕ್ಕ ಒಬ್ಬರಿಗೇ ಹೆದರುತ್ತಾರೆ.

ಹಳಿ ದುರಸ್ತಿಯ ಮೆಗಾಬ್ಲಾಕ್ ಇದ್ದದ್ದರಿಂದ ಲೋಕಲ್ ರೈಲು ತಡವಾಗಿ, ತುಂಬಿ ಬಂತು. ನಮ್ಮ ಕನ್ನಡ ಕೇಳಿದ ಕಲಬುರಗಿ ಕಡೆಯ ಕೂಲಿಯವರೊಬ್ಬರು ಇವರ ಮುಖ ನೋಡಿ ಎದ್ದರು. "ಕುಂದರ್ರಿ ಸಾಹೇಬ್ರ, ಭಾಳ ದಣದೀರಿ." ಕಳವಾದಲ್ಲಿ ಅವರು ಇಳಿದರು. ಠಾಣೆಯಲ್ಲಿ ನಾವು ಪನ್ವೇಲ್ ಗಾಡಿ ಹಿಡಿದೆವು. ಸುಡು ಬಿಸಿಲು. ಮಾನಸರೋವರ ಸ್ಟೇಷನ್ನಿನಿಂದ ಮನೆಗೆ ಆಟೋದವನು ಮೂವತ್ತು ರೂಪಾಯಿ ತೆಗೆದುಕೊಂಡ.

ಅಂದು ಸಂಕಷ್ಟಿ. ನಮಗೆ ಹುಳಿ, ಪಲ್ಯ, ಅನ್ನ ಬಡಿಸಿದ ಲಲಿತಕ್ಕ, ಚಂದ್ರ ಕಾಣುವವರೆಗೆ ಉಪವಾಸವೆಂದು ತಮಗೊಂದು ಬಟ್ಟಲು ಚೈನಾ ಗ್ರಾಸ್ ಇಟ್ಟುಕೊಂಡರು. ಹಾಲು, ಏಲಕ್ಕಿ ಹಾಕಿ ಗಟ್ಟಿ ಮಾಡಿ ಬರ್ಫಿಯಂತೆ ಕತ್ತರಿಸಿದ್ದು. ನಾನು ವಿಷಯ ಎತ್ತಿದ್ದೇ ತಡ, ತಮ್ಮನ ಮೇಲೆ ಹರಿಹಾಯ್ದರು.

"ಸಮುದ್ರದ ಪಾಚಿ ತಿಂತೀಯಾ? ಮೀನು ಓಡಾಡೋ ಜಾಗದ್ದು! ನಮ್ಮನೇಲಿ ಹುಟ್ಟಿದವನೇನೋ ನೀನು?"

ಅವರ ಮಗಳು ಮೇಘನಾ ನಕ್ಕಳು. ಬೇಲಾಪುರದ ಲ್ಯಾಬೊಂದರಲ್ಲಿ ಅವಳ ಕೆಲಸ. ಕನ್ನಡ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ. "ಅಮ್ಮಾ, ಚೈನಾ ಗ್ರಾಸ್ ಭೀ ಸಮುಂದರ್ ಕಾ ಹೀ ಹೈ." ಅದೂ ಕಡಲಪಾಚಿಯಿಂದಲೇ ಮಾಡಿದ್ದಂತೆ. ಮೂವತ್ತು ವರ್ಷ ಅದನ್ನು ಉಪವಾಸಕ್ಕೆ ತಿಂದ ಲಲಿತಕ್ಕನ ಕೈ ಅಲ್ಲೇ ನಿಂತಿತು.

ಇವರಿಗೆ ಆನೆಬಲ ಬಂತು. "ನೋಡಿದೆಯಾ ಅಕ್ಕ, ಇಷ್ಟು ವರ್ಷ ತಿಂದು ನಿನಗೇನಾಗಿದೆ? ಹೊಟ್ಟೆ ಅಭ್ಯಾಸ ಮಾಡಿಕೊಳ್ಳುತ್ತೆ."

ಇಲ್ಲ ಎಂದಳು ಮೇಘನಾ. ಜಪಾನಿನವರು ತಲೆಮಾರುಗಳಿಂದ ಪಾಚಿ ತಿಂದವರು. ಪಾಚಿಯ ಮೇಲಿನ ಕಡಲ ಬ್ಯಾಕ್ಟೀರಿಯಾದ ಜೀನುಗಳು ಅವರ ಕರುಳಿನ ಬ್ಯಾಕ್ಟೀರಿಯಾಕ್ಕೆ ದಾಟಿವೆ. ಹಾಗಾಗಿ ಅವು ಪಾಚಿಯ ನಾರನ್ನು ಒಡೆದು ಕರುಳಿಗೆ ಹಿತವಾದದ್ದನ್ನು ಮಾಡಿಕೊಡುತ್ತವೆ. ನಮ್ಮಲ್ಲಿ ಹೆಚ್ಚಿನವರಿಗೆ ಆ ಭಾಗ್ಯವಿಲ್ಲ. ಅಮ್ಮನ ಚೈನಾ ಗ್ರಾಸ್ ಬಹುಪಾಲು ಹೋದ ಹಾಗೇ ಹೊರಗೆ ಬರುತ್ತದೆ. ಮಾಮನ ಪುಡಿಯಲ್ಲಂತೂ ಅಯೋಡಿನ್ ವಿಪರೀತವಿದ್ದರೆ ಕೆಟ್ಟ ಥೈರಾಯ್ಡ್ ಇನ್ನಷ್ಟು ಕೆಡಬಹುದು.

"ಮಾಮ, ಪೀಢಿಯಾಂ ಲಗತೀ ಹೈಂ. ತಬ್ ತಕ್ ಗೋಲೀ ತೋ ಲೋ." ಹೊಟ್ಟೆಗೆ ಅಭ್ಯಾಸವಾಗಲು ತಲೆಮಾರುಗಳೇ ಬೇಕು, ಅಲ್ಲಿಯವರೆಗೆ ಮಾತ್ರೆಯನ್ನಾದರೂ ತಗೊಳ್ಳಿ ಎಂದು.

"ನೋಡೋಣ," ಎಂದರು ಇವರು. ಆ 'ನೋಡೋಣ'ದ ಅರ್ಥ ನನಗೆ ಚೆನ್ನಾಗಿ ಗೊತ್ತು.

ಲಲಿತಕ್ಕ ಬಟ್ಟಲು ಪಕ್ಕಕ್ಕೆ ಸರಿಸಿದರು. ಕಾಶಿಗೆ ಹೋದಾಗ ಉಳಿದವರೆಲ್ಲ ತಮಗೆ ಸೇರದ ತರಕಾರಿ ಬಿಟ್ಟು ಬಂದರೆ, ಪ್ರಾಣವಾಗಿದ್ದ ಕಾಫಿಯನ್ನೇ ಬಿಟ್ಟು ಬಂದ ಹೆಂಗಸು ಅವರು. "ಇವತ್ತಿಂದ ಇದನ್ನೂ ಬಿಟ್ಟೆ. ಸಮುದ್ರದ್ದು ಅಂತಲ್ಲ, ನಿನಗೋಸ್ಕರ. ನೀನು ಮಾತ್ರೆ ತಗೋ," ಎಂದು ಒಳಗೆ ಹೋದರು.

ವಾಪಸು ಬರುವಾಗ ಇವರು ಠಾಣೆಯಲ್ಲಿ ಇಳಿದವರೇ ಸ್ಟೇಷನ್ ಹೊರಗಿನ ಮೆಡಿಕಲ್ ಶಾಪಿಗೆ ಹೋಗಿ ಮಾತ್ರೆ ತಂದರು. ನನಗೆ ಜೀವ ಬಂದಂತಾಯಿತು. ತಿಂಗಳಿಡೀ ನಾನು ಗೋಗರೆದದ್ದು ನೆನಪಾಗಿ ಸಿಟ್ಟೂ ಬಂತು.

"ನೀವು ಮಾತ್ರೆ ಶುರು ಮಾಡಿದರೆ ಅಕ್ಕ ಮತ್ತೆ ತಿಂತಾರೆ ಬಿಡಿ," ಎಂದೆ.

"ಇಲ್ಲ ಕಣೆ. ಅವಳು ಬಿಟ್ಟಿದ್ದು ಬಿಟ್ಟಿದ್ದೇ."

ಠಾಕುರ್ಲಿಗೆ ಹೋಗುವ ಕಲ್ಯಾಣ ಗಾಡಿ ಬರುವುದರಲ್ಲಿತ್ತು. ಚಂದ್ರೋದಯಕ್ಕೆ ಇನ್ನೂ ಹೊತ್ತಿತ್ತು. "ಇವತ್ತು ಅವಳ ಹೊಟ್ಟೆಗೆ ಅದೂ ಇಲ್ಲ," ಎಂದು ಇವರು ಕಣ್ಣೊರೆಸಿಕೊಂಡರು.