ಟೋಪಿ ತಾತನ ಅಣ್ಣ

ಶಿಶುವಿಹಾರದ ಗೇಟು ಕಾಯುವವರಿಗೆ ಮಕ್ಕಳಿಟ್ಟ ಹೆಸರು ಟೋಪಿ ತಾತ. ಕಡುನೀಲಿ ಟೋಪಿ, ಮುಂದೆ ಹಿತ್ತಾಳೆಯ ಬಿಲ್ಲೆ. ಅದು ತಲೆ ಮೇಲೆ ಕೂತಿತೆಂದರೆ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅಮ್ಮನ ಕಾಲು ತಬ್ಬಿಕೊಂಡು ರಂಪ ಮಾಡುವ ಮಕ್ಕಳೂ ಆ ಟೋಪಿ ಕಂಡರೆ ಕೈ ಚಾಚುತ್ತಿದ್ದವು. ಸಮಾಧಾನ ಬೇಕಾಗುತ್ತಿದ್ದುದು ಗೇಟಿನಾಚೆ ಉಗುರು ಕಚ್ಚುತ್ತ ನಿಂತ ತಾಯಂದಿರಿಗೆ. "ಹೊರಡಿ ತಾಯಿ, ನೀವಿದ್ದಷ್ಟು ಹೊತ್ತೂ ಅಳು ನಿಲ್ಲಲ್ಲ," ಎಂದು ಅವರನ್ನೂ ತಾತನೇ ಸಾಗಹಾಕಬೇಕು.

ಶುಕ್ರವಾರ ಮಧ್ಯಾಹ್ನ ಮಾತ್ರ ನೀಲಿ ಟೋಪಿ ಮೊಳೆಗೆ ಹೋಗುತ್ತಿತ್ತು. ಕೈಕಾಲು ಮುಖ ತೊಳೆದು, ಬಿಳಿ ಟೋಪಿ ಹಾಕಿಕೊಂಡು ಅವರು ಮಸೀದಿಗೆ ಹೊರಡುತ್ತಿದ್ದರು. ಹಾಗೆ ಹೋಗುವಾಗ ಒಮ್ಮೆ ಮೂರು ವರ್ಷದ ಪೋರಿಯೊಬ್ಬಳು ತಾಯಿಯ ಕೈ ಹಿಡಿದು ಎದುರಾದಳು. ಬಾಯಿ ಜೋರು, ಅದಕ್ಕೇ ತಾತ ಅವಳನ್ನು ಕರೆಯುತ್ತಿದ್ದುದು ಮೆಣಸು ಎಂದು. ಅವಳಿಗೆ ಅವರ ಗುರುತೇ ಹತ್ತಲಿಲ್ಲ.

"ನೀವ್ಯಾರು?"

"ನಾನಾ? ಟೋಪಿ ತಾತನ ಅಣ್ಣ!"

ತಾಯಿಯೂ ನಕ್ಕಳು. ಮನೆಯಲ್ಲಿ ಹೆಂಡತಿ ಮಾತ್ರ ನಗಲಿಲ್ಲ. "ಅಲ್ರೀ, ಅಷ್ಟು ಚಿಕ್ಕ ಮಗೂಗೂ ಟೋಪಿ ಹಾಕಿ ಬಂದ್ರಾ? ಒಂದಲ್ಲ ಒಂದಿನ ಅನುಭವಿಸ್ತೀರಿ ನೋಡಿ."

ಆ ದಿನ ಬಹಳ ದೂರವೇನೂ ಇರಲಿಲ್ಲ. ಮರುವಾರ ಅದೇ ಹೊತ್ತಿಗೆ, ತರಕಾರಿ ಬೀದಿಯ ತಿರುವಿನಲ್ಲಿ ಮೆಣಸು ಒಬ್ಬಳೇ ನಿಂತಿದ್ದಳು. ಬೆನ್ನಿಗೆ ಚೀಲವಿತ್ತು, ತಾಯಿ ಎಲ್ಲೂ ಇರಲಿಲ್ಲ. ಒಂದು ಲಾರಿ ಅವಳತ್ತಲೇ ಹಿಂದಕ್ಕೆ ಬರುತ್ತಿತ್ತು. ತಾತ ಓಡಿಹೋಗಿ ತೋಳು ಹಿಡಿದು ಈಚೆಗೆಳೆದರು.

ಹುಡುಗಿ ಕಿಟಾರನೆ ಕಿರುಚಿದಳು. "ಬಿಡಿ! ನೀವು ಗೊತ್ತಿಲ್ಲದವರು! ಅಮ್ಮಾ!"

"ನಾನು ಕಣೇ, ಟೋಪಿ ತಾತ..."

"ಅಲ್ಲ! ಅವರಣ್ಣ ನೀವು!"

ಜನ ಸೇರಿದರು. ತರಕಾರಿಯವಳು ತಕ್ಕಡಿ ಬಿಟ್ಟು ಎದ್ದುಬಂದಳು. "ಏನಯ್ಯಾ, ಯಾರ ಮಗು ಅದು? ಕೈ ಬಿಡು ಮೊದಲು."

"ನಾನು ಇವಳ ಶಾಲೆ ಕಾವಲುಗಾರ ಅಕ್ಕಾ."

"ಮಗು ಹಂಗೆ ಹೇಳ್ತಿಲ್ವಲ್ಲ!"

ಕರೆದುಕೊಂಡು ಹೋದರೆ ಜನ ಬಿಡುವುದಿಲ್ಲ, ಬಿಟ್ಟು ಹೋಗಲು ಮನಸ್ಸು ಬಿಡುವುದಿಲ್ಲ. ತಾತ ಕೈ ಬಿಟ್ಟು, ಮಾರು ದೂರ ಸರಿದು, ರಸ್ತೆಗೂ ಮಗುವಿಗೂ ನಡುವೆ ನೆಲದ ಮೇಲೇ ಕೂತುಬಿಟ್ಟರು.

"ನೀವೇ ನೋಡ್ಕೊಳ್ಳಿ ಅಕ್ಕಾ. ನಾನು ಮುಟ್ಟಲ್ಲ. ಅವರಮ್ಮ ಬರೋ ತನಕ ಇಲ್ಲಿಂದ ಏಳೋದೂ ಇಲ್ಲ."

ತರಕಾರಿಯವಳು ಕೈ ಚಾಚಿದಳು. ಮೆಣಸು ಅವಳ ಮೇಲೂ ಕಿರುಚಿದಳು. "ನೀವೂ ಗೊತ್ತಿಲ್ಲದವರು!"

"ಅಬ್ಬಬ್ಬಾ, ಗಂಟಲೋ ಕಹಳೆಯೋ!" ಎಂದು ಅವಳೂ ಸೋತು ಈ ಕಡೆ ಕುಕ್ಕರಿಸಿದಳು.

ಆ ಕಹಳೆ ಕೇಳಿಯೇ ತಾಯಿ ಓಡಿಬಂದಳು, ಒಂದೇ ಕಾಲಲ್ಲಿ ಚಪ್ಪಲಿ. ಮಗುವನ್ನು ಅವಚಿಕೊಂಡು ಅಲ್ಲೇ ಕುಸಿದಳು. ಆಮೇಲೆ ನೆಲದ ಮೇಲಿದ್ದವರನ್ನು ಕಂಡು, "ತಾತಾ! ನೀವಿದ್ರಾ ಇಲ್ಲಿ!" ಎಂದವಳಿಗೆ ಅಳು ಉಕ್ಕಿತು. "ಚಿಲ್ಲರೆ ತೆಗೆಯೋಕೆ ಕೈ ಬಿಟ್ಟೆ, ಅಷ್ಟೇ. ಎಂಥಾ ತಾಯಿ ನಾನು..."

"ಎಂಥಾ ತಾಯಿ ಅಂದ್ರೆ? ಕೂಗೋದು ಕಲಿಸಿದ ತಾಯಿ. ಕೂಗಿದ್ದಕ್ಕೇ ಅಲ್ವಾ ಸಿಕ್ಕಿದ್ದು? ಅಳ್ಬೇಡಮ್ಮ."

ತಾತ ಮಗುವಿನತ್ತ ತಿರುಗಿದರು. "ನನಗೆ ಅಣ್ಣನೇ ಇಲ್ಲ ಕಂದಾ. ಸುಳ್ಳು ಹೇಳಿದ್ದೆ. ಅವನೂ ನಾನೇ, ಇವನೂ ನಾನೇ." ನಂಬಲೆಂದು ಬಿಳಿ ಟೋಪಿ ತೆಗೆದು ಬೋಳುತಲೆ ತೋರಿಸಿದರು.

ಮೆಣಸು ಹೌಹಾರಿ ಅಮ್ಮನ ಕತ್ತು ತಬ್ಬಿದಳು. "ಇವರ್ಯಾರಮ್ಮಾ?"

ಆಗಲೇ ನೋಡಿ, ಬೀದಿಗೆ ಬೀದಿಯೇ ನಕ್ಕಿದ್ದು.

ತಾತ ಮಸೀದಿ ಮುಟ್ಟುವಾಗ ಎಲ್ಲರೂ ಮುಗಿಸಿ ಹೊರಟಿದ್ದರು. ಖಾಲಿ ಚಾಪೆಯ ಮೇಲೆ ಒಬ್ಬರೇ ನಿಂತರು. ವಾರವಾರ ಮಂಡಿನೋವು ಹೇಳಿಕೊಳ್ಳುತ್ತಿದ್ದರು, ಹೆಂಡತಿಯ ಕೆಮ್ಮು ಹೇಳಿಕೊಳ್ಳುತ್ತಿದ್ದರು. ಇಂದು ಅದ್ಯಾವುದೂ ಬಾಯಿಗೆ ಬರಲಿಲ್ಲ. ಆ ಕೂಸಿಗೆ ಅಷ್ಟು ದೊಡ್ಡ ಗಂಟಲು ಕೊಟ್ಟೆಯಲ್ಲ ದೇವರೇ, ನೀನು ದೊಡ್ಡವನು ಎಂದಷ್ಟೇ ಅಂದು, ಹಣೆಯನ್ನು ನೆಲಕ್ಕೆ ಹಚ್ಚಿದರು.