ಬಹದ್ದೂರನ ಪಾಸ್‌ಬುಕ್ಕಿನ ಹೆಸರು

ಬಾದನಹಟ್ಟಿಯಿಂದ ಬಂದು ಗಂಗಕ್ಕ ಬಳ್ಳಾರಿಯಲ್ಲಿ ಖಾನಾವಳಿ ಇಟ್ಟು ಇಪ್ಪತ್ತೆರಡು ವರ್ಷ. ಗಂಡ ತೀರಿಕೊಂಡ ಮೂರನೇ ತಿಂಗಳಿಗೆ ಒಲೆ ಹಚ್ಚಿದವಳು, ಆಮೇಲೆ ಅಳಲು ಪುರುಸೊತ್ತು ಸಿಗಲಿಲ್ಲ ಎಂದು ತಾನೇ ಹೇಳುತ್ತಾಳೆ. ಅವಳ ಸಾರಿಗೆ ಹೆಸರಿಟ್ಟವರಿಗೆ ಮರುದಿನ ಸಾರು ಬಡಿಸುವುದಿಲ್ಲ.

ಒಂಬತ್ತು ವರ್ಷದಿಂದ ಅವಳ ಅಡುಗೆಮನೆ ನೋಡಿಕೊಳ್ಳುತ್ತಿದ್ದವನು ನೇಪಾಳದ ಬಹದ್ದೂರ. ರೊಟ್ಟಿ ಬಡಿಯುವುದನ್ನು ಅವಳಿಂದಲೇ ಕಲಿತು ಅವಳಿಗಿಂತ ತೆಳ್ಳಗೆ ಬಡಿಯುತ್ತಿದ್ದ. ಕನ್ನಡದಲ್ಲಿ ಮಾತಾಡಿ ತೆಲುಗಿನಲ್ಲಿ ಬೈಯುತ್ತಿದ್ದ. ಹೋದ ಮಳೆಗಾಲದಲ್ಲಿ ಅವನ ಊರಿನಲ್ಲಿ ಗುಡ್ಡ ಕುಸಿದು ಮನೆಯ ಅರ್ಧ ಕೊಚ್ಚಿಹೋಯಿತು. ಸುದ್ದಿ ಬಂದ ದಿನವೇ ಊರಿಗೆ ಹೊರಟ. ಹದಿನೈದು ದಿನ ಕಾದ ಗಂಗಕ್ಕ, ಅವನಿಗೆ ಇಪ್ಪತ್ತು ಸಾವಿರ ಕಳಿಸೋಣವೆಂದು ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ಬ್ಯಾಂಕಿಗೆ ಹೋದಳು.

ಕೌಂಟರಿನಲ್ಲಿದ್ದ ನಂದಿನಿ ಎಂಬ ಹುಡುಗಿ ಫಾರಂ ತೆಗೆದಳು.

"ಯಾರಿಗೆ ಕಳಸ್ತೀರಮ್ಮಾ?"

"ಬಹದ್ದೂರಗ. ನೇಪಾಳಕ್ಕ."

"ಪೂರ್ತಿ ಹೆಸರು ಹೇಳ್ರಿ."

"ಪೂರ್ತೀನೇ ಹೇಳೀನಿ."

ನಂದಿನಿ ಪೆನ್ನು ಕೆಳಗಿಟ್ಟಳು. "ಬ್ಯಾರೆ ದೇಶಕ್ಕ ಹೋಗೋ ರೊಕ್ಕ ಇದು. ಅವರ ಪಾಸ್‌ಬುಕ್ಕಿನಾಗ ಇದ್ದಂಗ ಹೆಸರು ಬೇಕು. ಒಂದಕ್ಷರ ತಪ್ಪಿದ್ರೂ ವಾಪಸ್ ಬರತೈತಿ. ಖಾತೆ ನಂಬರು, ಬ್ಯಾಂಕು, ಬ್ರ್ಯಾಂಚು, ಅದರ ಸ್ವಿಫ್ಟ್ ಕೋಡು ಎಲ್ಲಾ ಬೇಕು."

"ಕಡೀದು ಏನದು?"

"ಹೊರದೇಶದಿಂದ ಆ ಬ್ಯಾಂಕನ್ನ ಗುರುತು ಹಿಡಿಯಾಕ ಇರೋ ಕೋಡು."

ಗಂಗಕ್ಕ ಅಲ್ಲೇ ನಿಂತು ಫೋನು ಮಾಡಿದಳು. ಮೂರನೇ ಸಲಕ್ಕೆ ಹತ್ತಿತು.

"ಲೇ ಬಹದ್ದೂರ, ನಿನ್ನ ಹೆಸರೇನಲೇ?"

"ದಿಲ್‌ಪ್ರಸಾದ್ ಘರ್ತಿ, ಅಕ್ಕಾ."

"ಹಂಗಾರ ಬಹದ್ದೂರ ಯಾರು?"

"ನೀವು ಮೊದಲ್ನೇ ದಿನ ಹಂಗ ಕರದ್ರಿ. ನಾನು ಓ ಅಂದೆ. ಹಸಿವಾಗಿತ್ತು."

ಗಂಗಕ್ಕ ಗೋಡೆಯ ಮೇಲಿನ ಬಡ್ಡಿದರದ ಪಟ್ಟಿಯನ್ನು ನೋಡುತ್ತ ನಿಂತಳು. ಒಂಬತ್ತು ವರ್ಷ, ದಿನಕ್ಕೆ ಕಡಿಮೆಯೆಂದರೂ ನಲವತ್ತು ಸಲ, ತಾನು ಬೇರೆ ಯಾರನ್ನೋ ಕರೆದಿದ್ದಳು.

ಪಾಸ್‌ಬುಕ್ಕು ಮನೆಯ ಉಳಿದ ಅರ್ಧದಲ್ಲಿತ್ತು. ಅವನು ಅದರ ಫೋಟೋ ಕಳಿಸಿದ. ನಂದಿನಿ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ಬರೆದು ಕೇಳಿದಳು:

"ಸಂಬಂಧ ಏನಂತ ಬರೀಲಿ?"

"ತಮ್ಮ."

"ನಿಮ್ಮದು ಬಾದನಹಟ್ಟಿ, ಅವರದು ನೇಪಾಳ. ಮ್ಯಾಲಿನವ್ರು ಕೇಳ್ತಾರಮ್ಮಾ."

"ಹಂಗಾರ ಕೆಲಸದವ ಅಂತ ಬರಿಯವ್ವ. ನಿಮ್ಮ ಫಾರಂಗ ಅಷ್ಟು ಸಾಕು."

ಹಣ ಐದನೇ ದಿನಕ್ಕೆ ಮುಟ್ಟಿತು. ಮನೆಗೆ ತಗಡು ಹೊದಿಸಿ, ದಸರೆ ಮುಗಿಸಿ ಅವನು ಬಳ್ಳಾರಿಗೆ ಮರಳಿದ. ಮರುದಿನ ಮುಂಜಾನೆ ಗಂಗಕ್ಕ ಗಂಟಲು ಸರಿಮಾಡಿಕೊಂಡು, "ದಿಲ್‌ಪ್ರಸಾದಾ" ಎಂದು ಕರೆದಳು. ಅವನು ಹಿಟ್ಟು ನಾದುತ್ತಲೇ ಇದ್ದ. ಎರಡನೇ ಸಲ ಕರೆದಾಗ ತಲೆಯೆತ್ತಿ, ತನ್ನ ಊರಿನವರು ಯಾರೋ ಬಂದರೇನೋ ಎಂದು ಬಾಗಿಲ ಕಡೆ ನೋಡಿದ.

ಅವಳು ಬಿಡಲಿಲ್ಲ. ಅವನಿಗೆ ರೂಢಿಯಾಗಲು ಒಂದು ತಿಂಗಳು ಹಿಡಿಯಿತು.